ಕುದುರೆ ಮನೆಗೆ ಬಂತು, ಸವಾರಿ ಯಾವಾಗ?

ದಾವಣಗೆರೆ, ಚಿತ್ರದುರ್ಗ ಸೀಮೆಯ ತೋಟದ ಮನೆಗಳಲ್ಲಿ ಹವ್ಯಾಸಕ್ಕೆಂದು ಕುದುರೆ ತಂದು ಕಟ್ಟಿದವರೂ, ತರಬೇಕೆಂದು ಹಣ ಹೊಂದಿಸುತ್ತಿರುವವರೂ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಎಷ್ಟು ದಿನಕ್ಕೆ ಹತ್ತಿ ಕೂರಬಹುದು?" ದಿನದ ಲೆಕ್ಕದಲ್ಲಿ ಇದಕ್ಕೆ ಉತ್ತರವಿಲ್ಲ, ಕುದುರೆಯೇ ತೋರಿಸಿಕೊಡುವ ಕೆಲವು ಗುರುತುಗಳ ಲೆಕ್ಕದಲ್ಲಿ ಇದೆ. ಕರೆದಾಗ ಬೇಲಿಯ ಬಳಿಗೆ ಬರುವುದು, ಕೇಳಿದಾಗ ಕಾಲೆತ್ತಿ ಕೊಡುವುದು, ಜೀನು ಹಾಕುವಾಗ ಅಲುಗದೆ ನಿಲ್ಲುವುದು, ಇವೆಲ್ಲ ನೋಡುವವರಿಗೆ ಏನೂ ಅಲ್ಲವೆನಿಸಬಹುದು. ಆದರೆ ಕುದುರೆ ಸಾಕಿದವರ ಸಂತೋಷದ ಬಹುಪಾಲು ಇರುವುದು ಇಲ್ಲಿಯೇ, ಸವಾರನ ಕೈಕಾಲು ಉಳಿಯುವುದೂ ಇವುಗಳಿಂದಲೇ. ಈ ಗುರುತುಗಳನ್ನು ಅವು ಬರಬೇಕಾದ ಕ್ರಮದಲ್ಲಿ ಕೆಳಗೆ ವಿವರಿಸಲಾಗಿದೆ. ಲೆಕ್ಕಗಳೆಲ್ಲ ಸುಮಾರು 350 ಕಿಲೋ ತೂಕದ, ಈಗಾಗಲೇ ಸವಾರಿಗೆ ಪಳಗಿದ ಕುದುರೆಯನ್ನು ಗಮನದಲ್ಲಿಟ್ಟುಕೊಂಡವು. ಪಳಗದ ಮರಿಯನ್ನು ತಂದು ತಾವೇ ತಿದ್ದಬೇಕೆಂಬ ಆಸೆ ಇರುವವರು ಆ ಆಸೆಯನ್ನು ಎರಡನೆಯ ಕುದುರೆಗೆ ಉಳಿಸಿಕೊಳ್ಳುವುದು ಒಳ್ಳೆಯದು.

1. ಕೊಳ್ಳುವ ಮುನ್ನ

ನಮ್ಮ ಬಿಸಿಲಿಗೆ ರಾಜಸ್ಥಾನದ ಮಾರ್ವಾಡಿ ಮತ್ತು ಗುಜರಾತಿನ ಕಾಠಿಯಾವಾಡಿ ತಳಿಗಳು ಚೆನ್ನಾಗಿ ಒಗ್ಗುತ್ತವೆ. ಒಳಮುಖವಾಗಿ ಬಾಗಿ ತುದಿಯಲ್ಲಿ ಒಂದನ್ನೊಂದು ಮುಟ್ಟುವಂತಿರುವ ಕಿವಿಗಳಿಂದ ಇವನ್ನು ಗುರುತಿಸಬಹುದು. ಮಹಾರಾಷ್ಟ್ರದ ಭೀಮಾ ತೀರದ ಭೀಮಥಡಿ, ಅಂದರೆ ದಖ್ಖನಿ ಕುದುರೆ, ಗಾತ್ರದಲ್ಲಿ ಚಿಕ್ಕದಾದರೂ ಗಟ್ಟಿಮುಟ್ಟಾದುದು. ಬೆಂಗಳೂರು, ಮೈಸೂರಿನ ರೇಸಿನಿಂದ ನಿವೃತ್ತವಾದ ಥರೋಬ್ರೆಡ್ ಕುದುರೆಗಳು ಕೆಲವೊಮ್ಮೆ ಆಶ್ಚರ್ಯವಾಗುವಷ್ಟು ಅಗ್ಗಕ್ಕೆ ಸಿಗುತ್ತವೆ, ಆದರೆ ಓಡುವುದನ್ನೇ ಕಲಿತು ಬೆಳೆದ ಅವು ಹೊಸಬರಿಗೆ ಹೇಳಿಸಿದವಲ್ಲ. ಲಗಾಮು ಬಿಗಿಯಾದಷ್ಟೂ ಅದರ ಮೇಲೆ ಭಾರ ಹಾಕಿ ಮುನ್ನುಗ್ಗುವ ಅಭ್ಯಾಸ ಅವುಗಳಲ್ಲಿ ಸಾಮಾನ್ಯ, ಹೊಸ ಸವಾರ ಹೆದರಿದಾಗ ಮಾಡುವ ಮೊದಲ ಕೆಲಸವೂ ಲಗಾಮು ಬಿಗಿಹಿಡಿಯುವುದೇ.

ಮೈಮೇಲಿನ ಕೂದಲಿನ ಸುಳಿ ನೋಡಿ ಬೆಲೆ ಕಟ್ಟುವ ಪದ್ಧತಿ ನಮ್ಮಲ್ಲಿ ಇನ್ನೂ ಬಲವಾಗಿದೆ. ಸುಳಿಯ ಬಗ್ಗೆ ಮನೆಯ ಹಿರಿಯರ ಮನಸ್ಸು ನೋಯಿಸಬೇಕಾಗಿಲ್ಲ, ಆದರೆ ಸುಳಿ ನೋಡಲು ತೆಗೆದುಕೊಳ್ಳುವ ಸಮಯದ ಎರಡರಷ್ಟನ್ನು ಹಲ್ಲು ಮತ್ತು ಗೊರಸಿಗೆ ಕೊಡಿ. ಕುದುರೆಯ ಮುಂಬಾಯಿಯ ಹಾಲುಹಲ್ಲುಗಳು ಎರಡೂವರೆ, ಮೂರೂವರೆ, ನಾಲ್ಕೂವರೆ ವರ್ಷದ ಸುಮಾರಿಗೆ ಜೋಡಿಜೋಡಿಯಾಗಿ ಬಿದ್ದು ಶಾಶ್ವತ ಹಲ್ಲುಗಳು ಬರುತ್ತವೆ, ಐದು ವರ್ಷಕ್ಕೆ ಬಾಯಿ ತುಂಬುತ್ತದೆ. ಮೇಲ್ದವಡೆಯ ಮೂಲೆಯ ಬಾಚಿಹಲ್ಲಿನ ಮೇಲೆ ಹತ್ತು ವರ್ಷದ ಸುಮಾರಿಗೆ ಒಸಡಿನ ಬಳಿ ಕಂದು ಗೀರೊಂದು ಕಾಣಿಸಿಕೊಂಡು, ಹದಿನೈದಕ್ಕೆ ಅರ್ಧ ಹಲ್ಲಿನವರೆಗೆ, ಇಪ್ಪತ್ತಕ್ಕೆ ತುದಿಯವರೆಗೆ ಇಳಿಯುತ್ತದೆ. ಮಾರುವವರು ಹೇಳುವ ವಯಸ್ಸನ್ನು ಈ ಗೀರಿನೊಂದಿಗೆ ಹೋಲಿಸಿ ನೋಡಬಹುದು. ಹೊಸಬರಿಗೆ ಎಂಟರಿಂದ ಹದಿನಾಲ್ಕು ವರ್ಷದ ನಡುವಿನ ಕುದುರೆ ಒಳ್ಳೆಯದು. ಚೆನ್ನಾಗಿ ನೋಡಿಕೊಂಡರೆ ಕುದುರೆ ಇಪ್ಪತ್ತೈದು ವರ್ಷ ಬದುಕುತ್ತದೆಯಾದ್ದರಿಂದ "ವಯಸ್ಸಾಯಿತು" ಎಂದು ಹಿಂಜರಿಯಬೇಕಿಲ್ಲ.

ಸವಾರ ಮತ್ತು ಜೀನಿನ ಒಟ್ಟು ತೂಕ ಕುದುರೆಯ ತೂಕದ ಐದನೆಯ ಒಂದು ಭಾಗವನ್ನು ಮೀರಬಾರದೆಂಬುದು ಸಾಮಾನ್ಯವಾಗಿ ಪಾಲಿಸುವ ಮಿತಿ. 350 ಕಿಲೋ ಕುದುರೆಗೆ ಇದು 70 ಕಿಲೋ ಆಗುತ್ತದೆ. ನಿಮ್ಮ ತೂಕವೇ 85 ಇದ್ದರೆ ದೊಡ್ಡ ಕುದುರೆಯನ್ನೇ ಹುಡುಕಬೇಕು.

ಹಣ ಕೊಡುವ ಮೊದಲು ಪಶುವೈದ್ಯರಿಂದ ರಕ್ತಪರೀಕ್ಷೆ ಮಾಡಿಸುವುದು ಕಡ್ಡಾಯವೆಂದೇ ತಿಳಿಯಿರಿ. ಮುಖ್ಯವಾದದ್ದು ಗ್ಲ್ಯಾಂಡರ್ಸ್. ಬ್ಯಾಕ್ಟೀರಿಯಾದಿಂದ ಬರುವ ಈ ರೋಗ ಮನುಷ್ಯರಿಗೂ ಹರಡುತ್ತದೆ, ಇದಕ್ಕೆ ಲಸಿಕೆಯಿಲ್ಲ, ಸೋಂಕು ಖಚಿತವಾದ ಕುದುರೆಯನ್ನು ಸರ್ಕಾರದ ನಿಯಮದಂತೆ ಕೊಲ್ಲಬೇಕಾಗುತ್ತದೆ. ಇದರ ಪರೀಕ್ಷೆಗೆ ದೇಶದ ಮುಖ್ಯ ಕೇಂದ್ರ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ. ತೊಣಚಿ ನೊಣದಿಂದ ಹರಡುವ ಸರ್ರಾ ರೋಗದ ಪರೀಕ್ಷೆಯನ್ನೂ ಇದೇ ಸಂದರ್ಭದಲ್ಲಿ ಮಾಡಿಸಿಬಿಡಿ. ಲಾರಿಯಲ್ಲಿ ತರುವಾಗ, ಕುದುರೆ ಪ್ರಯಾಣಕ್ಕೆ ಯೋಗ್ಯವಾಗಿದೆಯೆಂಬ ಪಶುವೈದ್ಯರ ಪ್ರಮಾಣಪತ್ರ ಜೊತೆಗಿರಬೇಕು. 1978ರ ಪ್ರಾಣಿ ಸಾಗಣೆ ನಿಯಮಗಳು ಇದನ್ನು ಕೇಳುತ್ತವೆ.

2. ಲಾಯ ಮತ್ತು ಮೇವು

ಲಾಯಕ್ಕೆ 12 ಅಡಿ ಉದ್ದ, 12 ಅಡಿ ಅಗಲ, ಎತ್ತರದ ಸೂರು, ಗಾಳಿಯಾಡುವ ಎರಡು ಬದಿ ಇದ್ದರೆ ಸಾಕು. ತಗಡಿನ ಸೂರಾದರೆ ಅದರ ಮೇಲೆ ತೆಂಗಿನ ಗರಿ ಹೊದಿಸಿ. ಕುದುರೆ ಗುಂಪಿನ ಪ್ರಾಣಿ, ಒಂಟಿಯಾಗಿ ಕಟ್ಟಿದರೆ ಬೇಸರಕ್ಕೆ ಮರ ಕಚ್ಚುವ, ನಿಂತಲ್ಲೇ ತೂಗುವ ಚಟಗಳು ಹತ್ತಿಕೊಳ್ಳುತ್ತವೆ. ಇನ್ನೊಂದು ಕುದುರೆ ಸಾಧ್ಯವಿಲ್ಲದಿದ್ದರೆ ಒಂದು ಮೇಕೆಯಾದರೂ ಜೊತೆಗಿರಲಿ.

ಇನ್ನು ಮೇವು. ದನ ಸಾಕಿ ಅನುಭವವಿರುವವರು ಹೆಚ್ಚು ಎಡವುವುದು ಇಲ್ಲಿಯೇ ಆದ್ದರಿಂದ ಈ ಭಾಗವನ್ನು ನಿಧಾನವಾಗಿ ಓದಿ. ದನಕ್ಕೆ ನಾಲ್ಕು ಕೋಣೆಯ ಹೊಟ್ಟೆಯಿದ್ದು ಅದು ಮೆಲುಕು ಹಾಕುತ್ತದೆ. ಕುದುರೆಯ ಜಠರ ಒಂದೇ, ಅದೂ ದೇಹದ ಗಾತ್ರಕ್ಕೆ ಹೋಲಿಸಿದರೆ ಬಹಳ ಚಿಕ್ಕದು, ಮತ್ತು ಅದಕ್ಕೆ ವಾಂತಿ ಮಾಡಲು ಬರುವುದಿಲ್ಲ. ಒಮ್ಮೆ ಒಳಗೆ ಹೋದದ್ದು ಕೆಟ್ಟದ್ದಾದರೂ ಮುಂದಕ್ಕೇ ಹೋಗಬೇಕು. ಆದ್ದರಿಂದ ಸ್ವಲ್ಪಸ್ವಲ್ಪವಾಗಿ ಹಲವು ಸಲ ಕೊಡುವುದೇ ಮೇವಿನ ಮೂಲ ನಿಯಮ.

ದಿನಕ್ಕೆ ದೇಹದ ತೂಕದ ಶೇಕಡಾ 1.5ರಿಂದ 2ರಷ್ಟು ಒಣ ಮೇವು ಬೇಕು, ಅಂದರೆ ಸುಮಾರು 5ರಿಂದ 7 ಕಿಲೋ. ಒಣಗಿದ ಹುಲ್ಲು, ರಾಗಿ ಹುಲ್ಲು, ಕುದುರೆ ಮಸಾಲೆ ಸೊಪ್ಪು ಇವೆಲ್ಲ ಆಗುತ್ತವೆ. ಹಸಿ ಮೇವಿನಲ್ಲಿ ಮುಕ್ಕಾಲು ಪಾಲು ನೀರೇ ಇರುವುದರಿಂದ ಹತ್ತು ಕಿಲೋ ಹಸಿ ಹುಲ್ಲನ್ನು ಎರಡೂವರೆ ಕಿಲೋ ಒಣ ಮೇವಿಗೆ ಸಮವೆಂದು ಲೆಕ್ಕ ಹಿಡಿಯಿರಿ. ಚಳ್ಳಕೆರೆ, ಹಿರಿಯೂರು ಕಡೆ ಸುಲಭವಾಗಿ ಸಿಗುವ ಶೇಂಗಾ ಬಳ್ಳಿ ಬಹಳ ಒಳ್ಳೆಯ ಮೇವು, ಆದರೆ ಕಣದಲ್ಲಿ ಮಳೆಗೆ ಸಿಕ್ಕಿ ಕಪ್ಪಾದ ಬಳ್ಳಿಯನ್ನು ಮುಟ್ಟಿಸಬೇಡಿ, ಚೆನ್ನಾಗಿರುವುದನ್ನೂ ಮಣ್ಣು ಕೊಡವಿ ನೀರು ಚಿಮುಕಿಸಿಯೇ ಹಾಕಿ. ಹುರುಳಿಯನ್ನು ರಾತ್ರಿ ನೆನೆಸಿ ಅಥವಾ ಬೇಯಿಸಿ ಕೊಡಬೇಕು. ಹಗುರ ಸವಾರಿಯ ಕುದುರೆಗೆ ದಿನಕ್ಕೆ ಒಟ್ಟು ಒಂದೂವರೆ ಕಿಲೋ ಕಾಳು ಸಾಕು, ಅದನ್ನೂ ಎರಡು ಹೊತ್ತಿಗೆ ಹಂಚಿ. ಯಾವುದೇ ಹೊಸ ಮೇವನ್ನು ಏಳರಿಂದ ಹತ್ತು ದಿನಗಳಲ್ಲಿ ಹಂತಹಂತವಾಗಿ ಬದಲಿಸಿ. ನೀರು ತಂಪಿನ ದಿನಗಳಲ್ಲಿ 20 ಲೀಟರ್ ಸುಮಾರು ಬೇಕಾದರೆ, ಬೇಸಿಗೆಯಲ್ಲಿ ಕೆಲಸವೂ ಇದ್ದಾಗ 40 ಲೀಟರನ್ನೂ ದಾಟಬಹುದು. ಬೆವರಿನಲ್ಲಿ ಉಪ್ಪು ಹೆಚ್ಚು ಹೋಗುವುದರಿಂದ ದಿನಕ್ಕೆ 30 ಗ್ರಾಂ ಸುಮಾರು ಉಪ್ಪು, ಇಲ್ಲವೇ ನೆಕ್ಕಲು ಉಪ್ಪಿನ ಗಟ್ಟಿ ಇರಲಿ.

ನಮ್ಮ ಸೀಮೆಯಲ್ಲಿ ವಿಶೇಷವಾಗಿ ಎಚ್ಚರ ವಹಿಸಬೇಕಾದ ನಾಲ್ಕು ಅಪಾಯಗಳಿವೆ.

ಮೊದಲನೆಯದು ಮೆಕ್ಕೆಜೋಳ. ದಾವಣಗೆರೆ ಜಿಲ್ಲೆಯಲ್ಲಿ ಕೈಗೆ ಸುಲಭವಾಗಿ ಸಿಗುವ ಕಾಳು ಇದೇ. ಆದರೆ ತೇವದಲ್ಲಿ ಉಳಿದ ಮೆಕ್ಕೆಜೋಳದಲ್ಲಿ ಬೆಳೆಯುವ ಫ್ಯುಸೇರಿಯಂ ಎಂಬ ಬೂಷ್ಟು ಫ್ಯುಮೊನಿಸಿನ್ ಎಂಬ ವಿಷವನ್ನುಂಟುಮಾಡುತ್ತದೆ. ದನಗಳು ತಡೆದುಕೊಳ್ಳುವ ಪ್ರಮಾಣದಲ್ಲಿಯೇ ಇದು ಕುದುರೆಯ ಮಿದುಳನ್ನು ಕರಗಿಸಿ ಕೆಲವೇ ದಿನಗಳಲ್ಲಿ ಕೊಲ್ಲಬಲ್ಲದು, ಇದಕ್ಕೆ ಮದ್ದಿಲ್ಲ. ಬೂಷ್ಟು ಕಣ್ಣಿಗೆ ಕಾಣದಿದ್ದರೂ ವಿಷ ಇರಬಹುದು. ಒಡೆದ ಕಾಳು, ಪುಡಿ, ರಸ್ತೆಯ ಮೇಲೆ ಒಣಗಿಸುವಾಗ ನೆನೆದ ಮಾಲು ಕುದುರೆಗೆ ಬೇಡವೇ ಬೇಡ.

ಎರಡನೆಯದು ದನದ ಮತ್ತು ಕೋಳಿಯ ಸಿದ್ಧ ಆಹಾರ. ಇವುಗಳಲ್ಲಿ ಕೆಲವಕ್ಕೆ ಸೇರಿಸುವ ಮೊನೆನ್ಸಿನ್ ಎಂಬ ಔಷಧ ಕುದುರೆಯ ಹೃದಯದ ಸ್ನಾಯುವನ್ನೇ ಹಾಳುಮಾಡುತ್ತದೆ. ದನದ ಚೀಲವನ್ನು ಕುದುರೆ ಬಾಯಿ ಹಾಕಲಾಗದ ಕೋಣೆಯಲ್ಲಿ ಬೀಗ ಹಾಕಿ ಇಡಿ.

ಮೂರನೆಯದು ಬೂಸಾ. ಒಂದು ಹಿಡಿ ಆದೀತು, ಆದರೆ ದಿನವೂ ಬಕೆಟ್ಟುಗಟ್ಟಲೆ ಕೊಟ್ಟರೆ ಅದರಲ್ಲಿರುವ ಅತಿಯಾದ ರಂಜಕದಿಂದ ಮೂಳೆಯ ಸುಣ್ಣದಂಶ ಕರಗಿ, ಮುಖದ ಎಲುಬು ಊದಿಕೊಳ್ಳುತ್ತದೆ, ಕುದುರೆ ಕುಂಟತೊಡಗುತ್ತದೆ. ನಾಲ್ಕನೆಯದು ಮೇವಲ್ಲ, ಉಣ್ಣೆಯ, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಹುಳದ, ಮದ್ದು. ದನದ ಮೈಗೆ ಬಳಿಯುವ ಅಮಿಟ್ರಾಜ್ ದ್ರಾವಣ ಕುದುರೆಯ ಕರುಳಿನ ಚಲನೆಯನ್ನೇ ನಿಲ್ಲಿಸಬಲ್ಲದು. ಕುದುರೆಗೆ ಉಣ್ಣೆಯಾದರೆ ಯಾವ ಮದ್ದು ಎಂಬುದನ್ನು ಪಶುವೈದ್ಯರೇ ಹೇಳಲಿ.

3. ಮೂರು ಅಂಕಿ ಮತ್ತು ಲದ್ದಿ

ಕುದುರೆ ಆರಾಮವಾಗಿರುವಾಗಲೇ ಅದರ ಮೂರು ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಮೈಶಾಖ ಸಾಮಾನ್ಯವಾಗಿ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್, ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16. ದವಡೆಯ ಮೂಳೆಯ ಕೆಳಗಂಚಿನ ಒಳಭಾಗದಲ್ಲಿ ಹುರಿಯಂತೆ ಜಾರುವ ರಕ್ತನಾಳವೊಂದು ಬೆರಳಿಗೆ ಸಿಗುತ್ತದೆ, ನಾಡಿ ಎಣಿಸುವುದು ಅಲ್ಲಿ. ಮೊದಲ ಸಲ ಅದು ಬೆರಳಿಗೆ ಸಿಕ್ಕಾಗ ಆಗುವ ಖುಷಿಯೇ ಬೇರೆ, ಎರಡೇ ದಿನದಲ್ಲಿ ಮನೆಯ ಮಕ್ಕಳೂ ಎಣಿಸತೊಡಗುತ್ತಾರೆ.

ಆರೋಗ್ಯವಂತ ಕುದುರೆ ದಿನಕ್ಕೆ ಎಂಟರಿಂದ ಹನ್ನೆರಡು ಸಲ ಲದ್ದಿ ಹಾಕುತ್ತದೆ. ಲದ್ದಿ ನಿಂತಿತೆಂದರೆ, ನೆಲ ಕೆರೆಯುತ್ತಾ ಪಕ್ಕೆಯತ್ತ ತಿರುಗಿ ನೋಡಿಕೊಳ್ಳುತ್ತಿದೆಯೆಂದರೆ, ಮಲಗಿ ಎದ್ದು ಹೊರಳುತ್ತಿದೆಯೆಂದರೆ ಅದು ಹೊಟ್ಟೆಶೂಲೆ. ಕುದುರೆಗಳ ಸಾವಿನ ಮುಖ್ಯ ಕಾರಣಗಳಲ್ಲಿ ಇದೊಂದು. ಕೂಡಲೇ ಮೇವು ತೆಗೆದು, ಪಶುವೈದ್ಯರನ್ನು ಕರೆಸಿ, ಅವರು ಬರುವವರೆಗೆ ನಿಧಾನವಾಗಿ ನಡೆಸಿ. ಎತ್ತಿಗೆ ಹಾಕುವಂತೆ ಗೊಟ್ಟದಲ್ಲಿ ಎಣ್ಣೆ ಕುಡಿಸಲು ಮಾತ್ರ ಹೋಗಬೇಡಿ. ಹಾಗೆ ಸುರಿದದ್ದು ಶ್ವಾಸಕೋಶಕ್ಕೆ ಹೋಗಿ, ಹೊಟ್ಟೆನೋವಿನಿಂದ ಬದುಕಬಹುದಾಗಿದ್ದ ಕುದುರೆ ನ್ಯುಮೋನಿಯಾದಿಂದ ಸಾಯಬಹುದು. ಬೇಕಾದರೆ ವೈದ್ಯರು ಮೂಗಿನ ಮೂಲಕ ಜಠರಕ್ಕೆ ಕೊಳವೆ ಇಳಿಸಿ ಕೊಡುತ್ತಾರೆ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆಗೆ ಕರೆ ಮಾಡಬಹುದು. ಹೆಚ್ಚಿನ ಚಿಕಿತ್ಸೆಗೆ ನಮಗೆ ಹತ್ತಿರವಿರುವುದು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು. ಧನುರ್ವಾಯು ಮತ್ತು ಹುಚ್ಚುನಾಯಿ ರೋಗದ ಲಸಿಕೆಗಳನ್ನು ತಪ್ಪಿಸಬೇಡಿ. ಧನುರ್ವಾಯುವಿಗೆ ಕುದುರೆಯಷ್ಟು ಬೇಗ ಬಲಿಯಾಗುವ ಸಾಕುಪ್ರಾಣಿ ಮತ್ತೊಂದಿಲ್ಲ.

4. ನೆಲದ ಮೇಲಿನ ಪಾಠ

ಮೊದಲ ವಾರ ಸವಾರಿಯ ಮಾತೇ ಬೇಡ. ದಿನಕ್ಕೆ ಎರಡು ಹೊತ್ತು ಬ್ರಷ್ ಹಿಡಿದು ಮೈ ಉಜ್ಜಿ. ಕುದುರೆಗೆ ತನ್ನ ನೇರ ಹಿಂದೆ ಮತ್ತು ಹಣೆಯ ನೇರ ಮುಂದೆ ಇರುವುದು ಕಾಣಿಸುವುದಿಲ್ಲ. ಆದ್ದರಿಂದ ಯಾವಾಗಲೂ ಭುಜದ ಕಡೆಯಿಂದ, ಮಾತಾಡುತ್ತಾ ಹತ್ತಿರ ಹೋಗಬೇಕು. ಹಿಂದೆ ದಾಟಬೇಕಾದರೆ ಒಂದೋ ಮೈಗೆ ಅಂಟಿಕೊಂಡು ಕೈಯಿಟ್ಟು ದಾಟಿ, ಇಲ್ಲವೇ ಒದೆ ತಲುಪದಷ್ಟು ದೂರದಿಂದ ಹೋಗಿ. ಕಿವಿ ಮುಂದಕ್ಕೆ ನೆಟ್ಟಿದ್ದರೆ ಕುತೂಹಲ, ಪಕ್ಕಕ್ಕೆ ಇಳಿಬಿದ್ದಿದ್ದರೆ ನೆಮ್ಮದಿ, ಕತ್ತಿಗೆ ಒತ್ತಿ ಹಿಂದಕ್ಕೆ ಮಲಗಿಸಿದ್ದರೆ ಕೋಪ. ಈ ಮೂರನ್ನು ಓದಲು ಬಂದರೆ ಅರ್ಧ ಕೆಲಸ ಮುಗಿದಂತೆ.

ಹಾಲ್ಟರ್, ಅಂದರೆ ಬಾಯಿಗೆ ಕಬ್ಬಿಣವಿಲ್ಲದೆ ಮುಖಕ್ಕೆ ಮಾತ್ರ ತೊಡಿಸುವ ಪಟ್ಟಿ, ಅದನ್ನು ಹಾಕಿ ಅಂಗಳದಲ್ಲಿ ನಡೆಸಿ. ನೀವು ನಿಂತಾಗ ಅದೂ ನಿಲ್ಲಬೇಕು, ನೀವು ಹಿಂದೆ ಸರಿದಾಗ ಅದೂ ಸರಿಯಬೇಕು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ಕುದುರೆ ಬೆದರಿ ಎಳೆದರೆ ಬೆರಳೇ ಹೋದೀತು. ಕೈಯಿಂದ ಬೆಲ್ಲ ತಿನ್ನಿಸುವ ಅಭ್ಯಾಸವೂ ಮೊದಲೇ ಬೇಡ, ಅದು ಕಚ್ಚುವುದಕ್ಕೆ ದಾರಿ. ಬುಟ್ಟಿಯಲ್ಲಿ ಹಾಕಿ ಕೊಡಿ. ಕೈಯಲ್ಲಿ ಏನೂ ಇಲ್ಲದಿರುವಾಗಲೂ ನಿಮ್ಮ ದನಿ ಕೇಳಿ ಕುದುರೆ ಮೇಯುವುದನ್ನು ಬಿಟ್ಟು ಬೇಲಿಯವರೆಗೆ ನಡೆದು ಬಂದ ದಿನ ಈ ಹಂತ ಮುಗಿಯಿತೆಂದು ತಿಳಿಯಿರಿ.

5. ಗೊರಸು

ದಿನವೂ ನಾಲ್ಕು ಗೊರಸನ್ನೂ ಕೊಕ್ಕೆಯಿಂದ ಕೆದಕಿ ಸ್ವಚ್ಛಗೊಳಿಸಬೇಕು. ಎಡ ಮುಂಗಾಲಿನಿಂದ ಆರಂಭಿಸಿ. ಕುದುರೆಯ ಬಾಲದ ಕಡೆಗೆ ಮುಖ ಮಾಡಿ ಭುಜದ ಪಕ್ಕ ನಿಂತು, ಕೈಯನ್ನು ಹೆಗಲಿನಿಂದ ಕೆಳಗೆ ಜಾರಿಸುತ್ತಾ ಮೊಣಕಾಲಿನ ಕೆಳಗಿನ ನರದವರೆಗೆ ತನ್ನಿ, ಅಲ್ಲಿ ಎರಡು ಬೆರಳಿನಿಂದ ಮೆಲ್ಲಗೆ ಹಿಸುಕಿ. ಜೊತೆಗೆ ನಿಮ್ಮ ಭುಜದಿಂದ ಕುದುರೆಯ ಭುಜವನ್ನು ತುಸು ಒತ್ತಿದರೆ ಅದು ಭಾರವನ್ನು ಆಚೆ ಕಾಲಿಗೆ ಬದಲಿಸುತ್ತದೆ. ಆ ಕ್ಷಣದಲ್ಲಿ "ಎತ್ತು" ಎನ್ನಿ. ಎತ್ತಿದ ಕಾಲನ್ನು ಮೊದಲ ದಿನ ಎರಡೇ ಎಣಿಕೆ ಹಿಡಿದು, ಅದು ಕಿತ್ತುಕೊಳ್ಳುವ ಮೊದಲೇ ನೀವಾಗಿ ಕೆಳಗಿಡಿ. ಕಿತ್ತುಕೊಂಡ ಮೇಲೆ ಬಿಟ್ಟರೆ ಕಿತ್ತುಕೊಳ್ಳುವುದನ್ನೇ ಕಲಿಸಿದಂತಾಗುತ್ತದೆ. ಕೊಕ್ಕೆಯನ್ನು ಹಿಮ್ಮಡಿಯಿಂದ ತುದಿಯ ಕಡೆಗೆ ಎಳೆಯಬೇಕು, ನಡುವಿನ ತ್ರಿಕೋನಾಕಾರದ ಮೆತ್ತನೆಯ ಭಾಗಕ್ಕೆ ಚುಚ್ಚಬಾರದು. ಎರೆಮಣ್ಣಿನ ನೆಲದಲ್ಲಿ ಮಳೆಗಾಲಕ್ಕೆ ಆ ಭಾಗದ ಅಕ್ಕಪಕ್ಕದ ಸಂದಿನಲ್ಲಿ ಕಪ್ಪು ಕೆಸರಿನಂಥ ದ್ರವ ಮತ್ತು ಕೊಳೆತ ವಾಸನೆ ಬಂದರೆ ಗೊರಸು ಕೊಳೆಯುತ್ತಿದೆಯೆಂದರ್ಥ. ಲಾಯದ ನೆಲ ಒಣಗಿಸಿ ಔಷಧ ಹಾಕಿಸಿ.

ಗೊರಸು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ, ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸಿ ಸಮ ಮಾಡಿಸಬೇಕು. ನಮ್ಮೂರುಗಳಲ್ಲಿ ಎತ್ತಿಗೆ ಲಾಳ ಹೊಡೆಯುವವರು ಸಿಗುತ್ತಾರೆ, ಆದರೆ ಸೀಳು ಗೊರಸಿನ ಎತ್ತಿನ ಲಾಳವೇ ಬೇರೆ, ಕುದುರೆಯದೇ ಬೇರೆ. ಕುದುರೆಯ ಗೊರಸಿನ ಅಡಿಯಲ್ಲಿ ಕಾಣುವ ಬಿಳಿ ಗೆರೆಯ ಹೊರಗೇ ಮೊಳೆ ಇಳಿಯಬೇಕು, ಒಳಗೆ ಹೋದರೆ ಜೀವವಿರುವ ಭಾಗಕ್ಕೆ ತಾಗುತ್ತದೆ. ಕುದುರೆ ಕೆಲಸ ಬಲ್ಲವರನ್ನು ಹೊರ ಊರಿನಿಂದಲಾದರೂ ಕರೆಸಿ. ಮೆತ್ತನೆಯ ಹೊಲದ ದಾರಿಯಲ್ಲಷ್ಟೇ ಸವಾರಿಯಾದರೆ ಲಾಳವೇ ಬೇಕಾಗದಿರಬಹುದು.

6. ಜೀನು

ಜೀನು ಕುದುರೆಯ ಬೆನ್ನೆಲುಬಿನ ಮೇಲೆ ಕೂರಬಾರದು, ಎರಡೂ ಬದಿಯ ಸ್ನಾಯುವಿನ ಮೇಲೆ ಕೂರಬೇಕು. ಸವಾರ ಕುಳಿತಾಗಲೂ ಹೆಗಲ ದಿಬ್ಬ ಮತ್ತು ಜೀನಿನ ಮುಂಭಾಗದ ನಡುವೆ ಎರಡು ಮೂರು ಬೆರಳು ತೂರುವಷ್ಟು ಜಾಗವಿರಲಿ. ಸವಾರಿ ಮುಗಿಸಿ ಜೀನು ತೆಗೆದಾಗ ಬೆನ್ನಿನ ಮೇಲೆ ಬೆವರಿನ ಗುರುತು ಎರಡೂ ಕಡೆ ಸಮವಾಗಿರಬೇಕು. ಒದ್ದೆಯ ನಡುವೆ ಒಣಗಿದ ತೇಪೆ ಕಂಡರೆ ಅಲ್ಲಿ ಒತ್ತಡ ಹೆಚ್ಚಾಗಿ ಬೆವರೇ ಬಂದಿಲ್ಲವೆಂದು ತಿಳಿಯಿರಿ, ಮುಂದೆ ಹುಣ್ಣಾಗುವುದೂ ಅಲ್ಲಿಯೇ. ಹೊಟ್ಟೆಪಟ್ಟಿಯನ್ನು ಒಂದೇ ಸಲಕ್ಕೆ ಬಿಗಿಯಬೇಡಿ. ಎಷ್ಟೋ ಕುದುರೆಗಳು ಪಟ್ಟಿ ಕಟ್ಟುವಾಗ ಹೊಟ್ಟೆ ಉಬ್ಬಿಸಿ ನಿಂತು, ನೀವು ಹತ್ತುವಾಗ ಸಡಿಲ ಬಿಡುತ್ತವೆ, ಆಗ ಜೀನು ಸಮೇತ ಪಕ್ಕಕ್ಕೆ ಜಾರುವವರು ನೀವೇ. ಕಟ್ಟಿ, ನಾಲ್ಕು ಹೆಜ್ಜೆ ನಡೆಸಿ, ಮತ್ತೆ ಬಿಗಿದು, ಹತ್ತಿದ ಮೇಲೆ ಇನ್ನೊಮ್ಮೆ ನೋಡಿ.

7. ಹತ್ತುವುದು, ಇಳಿಯುವುದು, ನಡೆಸುವುದು

ಹೆಲ್ಮೆಟ್ ಇಲ್ಲದೆ ಬೇಡ, ಚಪ್ಪಲಿಯಲ್ಲೂ ಬೇಡ. ಅರ್ಧ ಇಂಚಾದರೂ ಹಿಮ್ಮಡಿಯಿರುವ, ಅಡಿ ನುಣುಪಾದ ಶೂ ಹಾಕಿದರೆ ಪಾದ ರಿಕಾಬಿನೊಳಗೆ, ಅಂದರೆ ಕಾಲಿಡುವ ಬಳೆಯೊಳಗೆ, ಸಿಕ್ಕಿಕೊಳ್ಳುವುದಿಲ್ಲ. ರಿಕಾಬಿನ ಉದ್ದಕ್ಕೆ ಸರಳ ಅಳತೆ ಇದೆ: ಬೆರಳ ತುದಿಯನ್ನು ಪಟ್ಟಿ ಆರಂಭವಾಗುವಲ್ಲಿ ಇಟ್ಟರೆ ರಿಕಾಬು ಕಂಕುಳನ್ನು ಮುಟ್ಟಬೇಕು. ಎಡಗಡೆಯಿಂದ, ಸಾಧ್ಯವಾದಷ್ಟೂ ಕಲ್ಲು ಅಥವಾ ಕಟ್ಟೆಯ ಮೇಲೆ ನಿಂತು ಹತ್ತಿ. ಕುದುರೆಯ ಬೆನ್ನಿಗೆ ಎಳೆತ ಕಡಿಮೆಯಾಗುತ್ತದೆ.

ಮೊದಲ ದಿನಗಳಲ್ಲಿ ಬೇಲಿಯೊಳಗೆ ಹದಿನೈದು ಇಪ್ಪತ್ತು ನಿಮಿಷ ಬರೀ ನಡಿಗೆ. ಹೊರಡುವುದು, ನಿಲ್ಲುವುದು, ಎಡಬಲ ತಿರುಗುವುದು, ಇಷ್ಟೇ. ಹಿಮ್ಮಡಿ ಕೆಳಗೆ, ಕಣ್ಣು ಮುಂದೆ, ಕೈ ಹಗುರ. ನಿಲ್ಲಿಸುವಾಗ ಮೊದಲು ನೀವು ಉಸಿರು ಬಿಟ್ಟು ಸೊಂಟ ಭಾರವಾಗಿಸಿ, ಆಮೇಲಷ್ಟೇ ಲಗಾಮು. ಕೆಲವು ದಿನಗಳಲ್ಲಿ ಲಗಾಮು ಮುಟ್ಟುವ ಮೊದಲೇ ಕುದುರೆ ನಿಂತುಬಿಡುತ್ತದೆ. ನನ್ನ ಅಭಿಪ್ರಾಯದಲ್ಲಿ ನಾಗಾಲೋಟಕ್ಕಿಂತ ದೊಡ್ಡ ಗೆಲುವು ಇದೇ. ಅದು ಓಡತೊಡಗಿದರೆ ಎರಡೂ ಲಗಾಮು ಜಗ್ಗಬೇಡಿ, ಒಂದನ್ನೇ ನಿಧಾನವಾಗಿ ಎಳೆದು ಅದರ ಮುಖವನ್ನು ಪಕ್ಕಕ್ಕೆ ತಿರುಗಿಸಿ. ಸುತ್ತು ಕಿರಿದಾದಂತೆ ವೇಗ ತಾನಾಗಿ ಇಳಿಯುತ್ತದೆ. ಈ ತಿರುವನ್ನು ನಡಿಗೆಯಲ್ಲಿಯೇ ಪ್ರತಿದಿನ ಅಭ್ಯಾಸ ಮಾಡಿಸಿರಬೇಕು.

ಆಮೇಲೆ ಕುಕ್ಕುಲೋಟ, ಅಂದರೆ ಟ್ರಾಟ್. ನಡಿಗೆಗೆ ನಾಲ್ಕು ತಾಳವಾದರೆ ಇದಕ್ಕೆ ಎರಡು, ಏಕೆಂದರೆ ಮೂಲೆಗೆ ಮೂಲೆಯ ಕಾಲುಗಳು ಜೋಡಿಯಾಗಿ ಬೀಳುತ್ತವೆ. ಒಂದು ತಾಳಕ್ಕೆ ತುಸು ಎದ್ದು ಮುಂದಿನದಕ್ಕೆ ಕೂರುವುದನ್ನು ಕಲಿಯುವವರೆಗೆ ಸೊಂಟ ನೋಯುವುದು ಸಹಜ. "ಒಂದು, ಎರಡು" ಎಂದು ಬಾಯಲ್ಲಿ ಎಣಿಸಿ. ತಾಳ ಹಿಡಿಯಲೊಲ್ಲದೆಂದು ಬೇಸತ್ತಿರುವಾಗ ಯಾವುದೋ ಒಂದು ಸುತ್ತಿನಲ್ಲಿ ಅದು ತಾನಾಗಿ ಕೂಡಿಬರುತ್ತದೆ. ಲಗಾಮನ್ನು ಆಧಾರಕ್ಕೆ ಹಿಡಿಯದೆ ಮೂರು ಸುತ್ತು ಹೀಗೆ ಬರಲು ಸಾಧ್ಯವಾಗುವವರೆಗೆ ಅದಕ್ಕಿಂತ ವೇಗದ ಓಟಕ್ಕೆ ಹೋಗಬೇಡಿ.

8. ಬೇಲಿಯಾಚೆ

ಮೊದಲ ಸಲ ಹೊರಗೆ ಹೋಗುವಾಗ ಪಳಗಿದ ಇನ್ನೊಂದು ಕುದುರೆಯೋ, ಪಕ್ಕದಲ್ಲಿ ನಡೆಯುವ ಒಬ್ಬರೋ ಜೊತೆಗಿರಲಿ. ಕಾಲುವೆ ಏರಿ, ಹೊಲದ ಬಂಡಿದಾರಿ ಒಳ್ಳೆಯವು. ಮೆಕ್ಕೆಜೋಳ ಕೊಯ್ದ ಹೊಲದಲ್ಲಿ ಚೂಪಾದ ಕೂಳೆ ಕಾಲಿಗೆ ಚುಚ್ಚುತ್ತದೆ. ರಾಷ್ಟ್ರೀಯ ಹೆದ್ದಾರಿ 48ರ ಸನಿಹಕ್ಕೆ ಬೇಡ. ಚಿತ್ರದುರ್ಗದ ಗುಡ್ಡಗಳ ಗಾಳಿಯಂತ್ರಗಳ ಬುಡದಲ್ಲಿ ಬೆಳಗ್ಗೆ ಸಂಜೆ ನೆಲದ ಮೇಲೆ ಸರಿಯುವ ರೆಕ್ಕೆಯ ನೆರಳಿಗೆ ಕುದುರೆ ಬೆದರಬಹುದು. ಮೊದಲು ದೂರದಿಂದ ನಿಂತು ನೋಡಲು ಬಿಡಿ, ಅದು ತಲೆ ತಗ್ಗಿಸಿ ಉಸಿರು ಬಿಟ್ಟ ಮೇಲೆ ಮುಂದೆ ನಡೆಸಿ. ಕುರಿಹಿಂಡಿನ ನಾಯಿಗಳು ಕಂಡರೆ ಓಡಿಸಬೇಡಿ, ನಿಂತುಬಿಡಿ. ಕುರಿ ಕಾಯುವವರು ನಾಯಿಯನ್ನು ಕರೆದುಕೊಳ್ಳುತ್ತಾರೆ.

ಮಾರ್ಚಿನಿಂದ ಮೇ ತಿಂಗಳವರೆಗೆ ಬೆಳಗ್ಗೆ ಎಂಟರೊಳಗೆ ಲಾಯಕ್ಕೆ ಮರಳಿ. ಕೊನೆಯ ಒಂದು ಕಿಲೋಮೀಟರ್ ಬರೀ ನಡಿಗೆಯಿರಲಿ. ಕಾದ ಮೈಗೆ ತಣ್ಣೀರು ಹಾಕಬಾರದೆಂಬ ಮಾತಿಗೆ ಆಧಾರವಿಲ್ಲ. ಬಿಸಿಲಿಗೆ ಬಳಲಿದ ಕುದುರೆಯನ್ನು ತಂಪು ಮಾಡಲು ಮೈಮೇಲೆ ಮತ್ತೆ ಮತ್ತೆ ನೀರು ಸುರಿಯುವುದೇ ಸರಿಯಾದ ದಾರಿ, ಕುಡಿಯಲೂ ಕೊಡಬಹುದು.

ಇಷ್ಟಾದ ಮೇಲೆ ಊರಿನಲ್ಲಿ ನಿಮ್ಮ ಕುದುರೆಯ ಸುದ್ದಿ ಹಬ್ಬಿ, ಮದುವೆಯ ದಿಬ್ಬಣಕ್ಕೆ, ಜಾತ್ರೆಯ ಮೆರವಣಿಗೆಗೆ ಕೇಳಿಕೊಂಡು ನಂಟರಿಷ್ಟರು ಬರುತ್ತಾರೆ. ಮೊದಲ ವರ್ಷ ಒಪ್ಪಿಕೊಳ್ಳಬೇಡಿ. ಪಟಾಕಿ, ಡಿಜೆ, ಕಾಲಡಿಯಲ್ಲಿ ಓಡಾಡುವ ಮಕ್ಕಳು, ಇವುಗಳ ನಡುವೆ ನಿಲ್ಲಿಸಿದರೆ ತಿಂಗಳುಗಟ್ಟಲೆ ಗಳಿಸಿದ ನಂಬಿಕೆ ಒಂದು ಗಂಟೆಯಲ್ಲಿ ಹೋಗುತ್ತದೆ, ಮೇಲೆ ಕೂತ ಮದುಮಗನ ಗತಿಯನ್ನಂತೂ ಹೇಳುವಂತಿಲ್ಲ. ಇಲ್ಲವೆನ್ನಲು ಸಂಕೋಚವಾದರೆ "ಒದೆಯುತ್ತದೆ" ಎಂದುಬಿಡಿ, ಯಾರೂ ಎರಡನೆಯ ಸಲ ಕೇಳುವುದಿಲ್ಲ.